ಇನ್ನೂ ಇನ್ನೂರ ಮೂವತ್ತು ಕಿಲೋಮೀಟರ್ ಎಂದ ಹಸಿರು ಅಂಕಿಯವರಿಗೆ

ಇಂದ: ಎಲ್ವಿ ನಿಚ್ಕೆ, ಲಾಕ್ಸ್‌ಟನ್ ಊರಿನಾಚೆಯ ಗೋಧಿ ಹೊಲದ ಮನೆ, ದಕ್ಷಿಣ ಆಸ್ಟ್ರೇಲಿಯಾ.

ಇವರಿಗೆ: ನಮ್ಮ ದೊಡ್ಡ ಗಾಡಿಯ ಸ್ಟಿಯರಿಂಗಿನ ಹಿಂದೆ, ವೇಗ ತೋರಿಸುವ ಮುಳ್ಳಿನ ಬಲಪಕ್ಕದಲ್ಲಿ ಖಾಯಂ ವಾಸವಾಗಿದ್ದು, ಟ್ಯಾಂಕಿನಲ್ಲಿರುವ ಡೀಸೆಲ್‌ಗೆ ಇನ್ನೆಷ್ಟು ದೂರ ಹೋಗಬಹುದೆಂದು ಹೇಳುತ್ತಾ ಬಂದಿರುವ ಹಸಿರು ಅಂಕಿಯವರಿಗೆ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ, ತಮ್ಮ ಬೆಳಕು ಕುಂದಿಲ್ಲ, ತಮ್ಮ ಗಾಜಿನ ಮೇಲೆ ಧೂಳು ಕೂತಿಲ್ಲ ಎಂದು ನಂಬಿದ್ದೇನೆ. ಧೂಳು ಕೂತಿರಲಿಕ್ಕೆ ಸಾಧ್ಯವೂ ಇಲ್ಲ, ಯಾಕೆಂದರೆ ನನ್ನ ಗಂಡ ಕ್ಲಾರಿ ದಿನಾ ಬೆಳಿಗ್ಗೆ ಅಂಗಿಯ ತೋಳಿನಿಂದ ತಮ್ಮ ಮುಖ ಒರೆಸುವುದನ್ನು ಕಣ್ಣಾರೆ ನೋಡಿದವಳು ನಾನು. ನಮ್ಮ ಮದುವೆಯಾಗಿ ಐವತ್ತು ವರ್ಷದ ಹತ್ತಿರ ಬಂತು, ನನ್ನ ಮುಖಕ್ಕೆ ಅಂಥ ಸೇವೆ ಒಂದು ದಿನವೂ ಸಂದಿಲ್ಲ. ಹಾಗೆಂದು ಈ ಪತ್ರವನ್ನು ಹೊಟ್ಟೆಕಿಚ್ಚಿನಿಂದ ಬರೆದದ್ದೆಂದು ತಾವು ದಯವಿಟ್ಟು ತಿಳಿಯಬಾರದು. ತಮ್ಮ ಉಪಕಾರವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳದೆ ಇದ್ದರೆ ನನಗೆ ಊಟ ಸೇರುವುದಿಲ್ಲ, ಅಷ್ಟೇ.

ತಾವು ನಮ್ಮ ಅಂಗಳಕ್ಕೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಬಂದದ್ದು ಗಾಡಿಯೋ, ಚಕ್ರ ಕಟ್ಟಿಕೊಂಡು ಬಂದ ಕುರಿಕೊಟ್ಟಿಗೆಯೋ ಎಂದು ಮೊದಲು ಗೊತ್ತಾಗಲಿಲ್ಲ. ಅದನ್ನು ಹತ್ತಬೇಕಾದರೆ ನನಗೊಂದು ಮಣೆ ಬೇಕು, ಇಳಿಯಬೇಕಾದರೆ ಒಂದು ಪ್ರಾರ್ಥನೆ ಬೇಕು. ಆದರೂ ಊರಿನ ಅಂಗಡಿಗೆ, ಭಾನುವಾರದ ಚರ್ಚಿಗೆ, ಕ್ಲಾರಿಯ ಮಂಡಿನೋವಿನ ಡಾಕ್ಟರ ಹತ್ತಿರಕ್ಕೆ ಹೋಗಿಬರುವಾಗ ತಾವು 'ಇನ್ನೂ ಎಂಟುನೂರು ಕಿಲೋಮೀಟರ್' ಎಂದಿರಿ, ಅದು ನಿಜವೂ ಆಯಿತು. ಅವತ್ತಿನಿಂದ ಕ್ಲಾರಿ ತಮಗೆ ಒಲಿದುಬಿಟ್ಟ. ಮೊದಲೆಲ್ಲ ದಾರಿ, ಹವಾಮಾನ, ಊಟದ ಹೊತ್ತು, ಎಲ್ಲವನ್ನೂ ನನ್ನನ್ನು ಕೇಳಿ, ನಾನು ಹೇಳಿದ್ದಕ್ಕೆ ವಿರುದ್ಧವಾಗಿ ನಡೆದುಕೊಳ್ಳುತ್ತಿದ್ದ ಮನುಷ್ಯ, ಈಗ ನನ್ನನ್ನು ಕೇಳುವುದನ್ನೇ ಬಿಟ್ಟ. ವಿರೋಧಿಸುವುದಕ್ಕಾದರೂ ಕೇಳುತ್ತಿದ್ದನಲ್ಲ ಎಂಬ ನೆಮ್ಮದಿಯೂ ಹೋಯಿತು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಮೊಮ್ಮಗಳು ಟೀಗನ್ ಇರುವುದು ಮರವೇ ಇಲ್ಲದ ನಲ್ಲರ್‌ಬೋರ್ ಬಯಲಿನ ಆಚೆ, ನಮ್ಮಿಂದ ಎರಡು ಸಾವಿರ ಕಿಲೋಮೀಟರಿಗೂ ದೂರ, ಪಶ್ಚಿಮ ಆಸ್ಟ್ರೇಲಿಯಾದ ಎಸ್ಪರೆನ್ಸ್ ಎಂಬ ಸಮುದ್ರದ ಊರಿನಲ್ಲಿ. ಅವಳ ಗಂಡ ಜ್ಯಾರಡ್ ಮೀನಿನ ದೋಣಿಯಲ್ಲಿ ಕೆಲಸಕ್ಕಿದ್ದಾನೆ. ಅವಳಿಗೆ ಎಂಟು ತಿಂಗಳು ತುಂಬಿದಾಗ ಬಾಡಿಗೆ ಮನೆಯವನು ಎರಡು ವಾರ ಬಿಟ್ಟು ಬರುವ ಶುಕ್ರವಾರ ಸಂಜೆಗೆ ಬೀಗದ ಕೈ ವಾಪಸು ಕೊಡಬೇಕು ಎಂದುಬಿಟ್ಟ. ಆ ಊರಿನಲ್ಲಿ ಬೇಸಿಗೆಯಲ್ಲಿ ಬಾಡಿಗೆಗೆ ಖಾಲಿ ಮನೆ ಹುಡುಕುವುದೂ ಒಂದೇ, ಸಮುದ್ರದಲ್ಲಿ ಒಣಗಿದ ಮೀನು ಹುಡುಕುವುದೂ ಒಂದೇ. ಹುಡುಗಿ ಫೋನಿನಲ್ಲಿ ನಗುನಗುತ್ತಾ, "ಟೆಂಟ್ ಹಾಕ್ಕೊಂಡು ಇರ್ತೀವಿ ಅಜ್ಜಿ, ಬೇಸಿಗೆ ತಾನೆ" ಎಂದಳು. ಎಂಟು ತಿಂಗಳ ಬಸುರಿ ಬಗ್ಗಿ ಟೆಂಟಿನ ಒಳಗೆ ಹೋದರೆ, ಮತ್ತೆ ಎದ್ದು ಹೊರಗೆ ಬರುವಾಗ ಕೂಸು ಕೈಯಲ್ಲೇ ಇರುತ್ತದೆ ಎಂದು ನಾನು ಹೇಳಿದೆ. ಆ ಕಡೆ ಅವಳು ನಕ್ಕಳು, ಆಮೇಲೆ ಮೂಗು ಸೀಟಿದ ಸದ್ದು ಕೇಳಿಸಿತು.

ಕ್ಲಾರಿ ಎದ್ದು ಹೋಗಿ ಶೆಡ್ಡಿನ ಬಾಗಿಲು ತೆಗೆದ. ಒಳಗೆ ನಮ್ಮ ಹಳೆಯ ಕ್ಯಾರವಾನ್ ನಿಂತಿತ್ತು. ಹಾಸಿಗೆ, ಒಲೆ, ತೊಟ್ಟಿ, ಸೂರು, ಎಲ್ಲ ಉಳ್ಳ ಚಕ್ರದ ಮನೆ ಅದು, ಎರಡು ಟನ್ನಿಗೂ ಮೇಲೆ ತೂಕ, ಮುಂಭಾಗ ಕಣಜದ ಬಾಗಿಲಿನಷ್ಟು ಚಪ್ಪಟೆ. ಅದಕ್ಕೆ ಬಣ್ಣ ಹೊಡೆದು, ಸೋರುವ ಕಡೆ ಮೇಣ ತುಂಬಿ, ಜೊತೆಗೆ ರೆಡ್‌ಗಮ್ ಮರದಲ್ಲಿ ಒಂದು ತೊಟ್ಟಿಲನ್ನೂ ಮಾಡಿ ಒಳಗಿಟ್ಟ. ರೆಡ್‌ಗಮ್ ಮರ ನೋಡಿದವರಿಗೆ ಗೊತ್ತು, ಅದರಲ್ಲಿ ಮಾಡಿದ ತೊಟ್ಟಿಲನ್ನು ತೂಗಬೇಕಾದರೆ ಎತ್ತಿನಂಥ ಅಪ್ಪ ಬೇಕು. ಶುಕ್ರವಾರ ಸಂಜೆಯೊಳಗೆ ಈ ಮನೆಯನ್ನು ಆ ಹುಡುಗಿಯ ಮುಂದೆ ನಿಲ್ಲಿಸಬೇಕು ಎಂಬುದಷ್ಟೇ ನಮ್ಮ ಕೆಲಸ. ಮಾನ್ಯರೇ, ಆ ಕೆಲಸದಲ್ಲಿ ತಾವು ಮಾಡಿದ ಸಹಾಯವನ್ನೇ ನಾನೀಗ ವಿವರಿಸಲಿದ್ದೇನೆ.

ಹೊರಡುವ ದಿನ ಟ್ಯಾಂಕ್ ತುಂಬಿಸಿ, ಕೊಂಡಿಗೆ ಕ್ಯಾರವಾನ್ ಸಿಕ್ಕಿಸಿ, ಕೀಲಿ ತಿರುಗಿಸಿದಾಗ ತಾವು ಎಂದಿನ ನಗುಮುಖದಿಂದ 'ಎಂಟುನೂರು' ಎಂದಿರಿ. ಹಿಂದೆ ಏನು ಕಟ್ಟಿದ್ದಾರೆ ಎಂದು ತಿರುಗಿ ನೋಡುವ ಕೆಟ್ಟ ಚಾಳಿ ತಮಗಿಲ್ಲ. ನಿನ್ನೆ ಖಾಲಿ ಗಾಡಿ ಹೋದ ದಾರಿಯನ್ನು ನೆನೆಸಿಕೊಂಡು ಇವತ್ತು ಮನೆ ಎಳೆಯುವ ಗಾಡಿಗೆ ಭವಿಷ್ಯ ಹೇಳುವ ತಮ್ಮ ಧೈರ್ಯ ನನ್ನಲ್ಲಿದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಪಾರ್ಲಿಮೆಂಟಿನಲ್ಲಿರುತ್ತಿದ್ದೆ. ಮಧ್ಯಾಹ್ನದ ಊಟದ ಹೊತ್ತಿಗೆ ತಾವು ನಾನೂರಕ್ಕೆ ಇಳಿದಿರಿ, ನಾವು ಹೋಗಿದ್ದು ಅದರ ಅರ್ಧವೂ ಇಲ್ಲ. ಕ್ಲಾರಿ ತಮ್ಮ ಪರವಾಗಿ ವಾದಿಸಿದ. ಅದು ಇನ್ನೂ ಕಲಿಯುತ್ತಾ ಇದೆ ಎಂದ. ನನಗೆ ಹಳ್ಳಿಯ ಒಂದೇ ಕೋಣೆಯ ಶಾಲೆಯಲ್ಲಿ ಕಲಿಯಲು ಇಷ್ಟು ಸಮಯ ಯಾರೂ ಕೊಟ್ಟಿರಲಿಲ್ಲ, ಹಸು ಕರೆಯೋದಕ್ಕೆ ಹೋಗು ಎಂದು ಕಳಿಸಿಬಿಟ್ಟಿದ್ದರು.

ಪಶ್ಚಿಮ ಆಸ್ಟ್ರೇಲಿಯಾದ ಗಡಿಯಲ್ಲಿ ಹಣ್ಣು, ತರಕಾರಿ, ಜೇನುತುಪ್ಪ ಯಾವುದನ್ನೂ ಒಳಗೆ ಬಿಡುವುದಿಲ್ಲ. ಅದಕ್ಕೇ ಗಡಿಗೆ ಮುಂಚಿನ ತಂಗುದಾಣದಲ್ಲಿ ಎಲ್ಲರೂ ಕುರ್ಚಿ ಹಾಕಿಕೊಂಡು ನಾಳೆ ಎಂಬುದೇ ಇಲ್ಲದವರ ಹಾಗೆ ತಿನ್ನುತ್ತಾರೆ. ನಮ್ಮ ಹಿತ್ತಲಿನ ಕಿತ್ತಳೆಯ ಬುಟ್ಟಿಯನ್ನು ಕ್ಲಾರಿ ಒಬ್ಬನೇ ಕೂತು ಖಾಲಿ ಮಾಡಿದ, ಕುಂಬಳಕಾಯಿಯನ್ನು ಬೇಯಿಸಿ ತಿಂದ, ಉಳಿದ ಜೇನನ್ನು ಚಮಚದಲ್ಲಿ ಕುಡಿದ, ಆಮೇಲೆ ಹೊಟ್ಟೆ ಸವರಿಕೊಂಡು, ಕ್ಯಾರವಾನಿನ ತೂಕ ಇಳಿಯಿತು, ಇನ್ನು ಡೀಸೆಲ್ ಉಳಿಯುತ್ತದೆ ಎಂದ. ಬುಟ್ಟಿ ಹಿಂದಿನ ಗಾಡಿಯಿಂದ ಮುಂದಿನ ಸೀಟಿಗೆ ಬಂತು, ಎಳೆಯುವುದು ಅದೇ ಇಂಜಿನ್ ತಾನೆ ಎಂದು ನಾನು ಕೇಳಿದೆ. ಅವನು ನನ್ನನ್ನು ನೋಡಲಿಲ್ಲ, ತಮ್ಮನ್ನು ನೋಡಿದ.

ಇನ್ನು ಸಂಜೆಯ ಕುರ್ಚಿ ಹೊತ್ತಿನ ವಿಚಾರವನ್ನು ತಮಗೆ ತಿಳಿಸಬೇಕು, ಯಾಕೆಂದರೆ ಆ ಹೊತ್ತಿನಲ್ಲಿ ಇಂಜಿನ್ ಆರಿಸಿರುತ್ತಾರೆ, ತಾವು ನಿದ್ದೆಯಲ್ಲಿರುತ್ತೀರಿ. ಬಿಸಿಲು ಇಳಿಯುತ್ತಿದ್ದಂತೆ ಕ್ಯಾರವಾನ್ ಎಳೆಯುವ ಗಂಡಸರೆಲ್ಲ ಮಡಿಸುವ ಕುರ್ಚಿಗಳನ್ನು ತಂದು ವೃತ್ತಾಕಾರವಾಗಿ ಹಾಕಿ, ಬಿಯರ್ ಡಬ್ಬಿ ತೆಗೆದು, ಒಬ್ಬರನ್ನೊಬ್ಬರು 'ನಿಂದು ಎಷ್ಟು ಕುಡಿಯುತ್ತೆ' ಎಂದು ಕೇಳುತ್ತಾರೆ. ಕೇಳುವುದು ಗಾಡಿಯ ಬಗ್ಗೆ. ಮನುಷ್ಯ ಎಷ್ಟು ಕುಡಿಯುತ್ತಾನೆ ಎಂದು ಯಾರೂ ಕೇಳುವುದಿಲ್ಲ. ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂಬುದು ಲೆಕ್ಕ, ಮತ್ತು ಈ ಲೆಕ್ಕದಲ್ಲಿ ಸಂಖ್ಯೆ ಸಣ್ಣದಾದಷ್ಟೂ ಗಂಡಸು ದೊಡ್ಡವನು. ಮೊದಲನೆಯವನು ಹದಿನೇಳು ಅಂದರೆ ಎರಡನೆಯವನು ಹದಿನಾರು ಅನ್ನುತ್ತಾನೆ, ಕೊನೆಯ ಕುರ್ಚಿಗೆ ಬರುವ ಹೊತ್ತಿಗೆ ಆ ಗಾಡಿ ಡೀಸೆಲ್ ಕುಡಿಯುವ ಬದಲು ಹಸುವಿನ ಹಾಗೆ ಡೀಸೆಲ್ ಕರೆಯುವುದಕ್ಕೆ ಶುರು ಮಾಡಿರುತ್ತದೆ. ಪಕ್ಕದಲ್ಲಿ ಹೆಂಗಸರು ಉಲ್ಲನ್ ಹೆಣೆಯುತ್ತಾ ಕೂತಿರುತ್ತಾರೆ. ಅವರಿಗೆ ನಿಜ ಗೊತ್ತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದಿಲ್ಲ, ನೋಡಿಕೊಂಡರೆ ಸಂಸಾರ ಕೆಡುತ್ತದೆ.

ಆ ಸಂಜೆ ಬರ್ನಿ ಕ್ವಿಲ್ ಎಂಬವನೊಬ್ಬ ಸಿಕ್ಕಿದ. ಕುರಿಯ ಉಣ್ಣೆ ಕತ್ತರಿಸುವ ಕೆಲಸದಿಂದ ನಿವೃತ್ತನಾದವನು, ದೊಡ್ಡ ಗಾಡಿ, ನಮ್ಮದಕ್ಕಿಂತ ಒಂದು ಮೊಳ ಉದ್ದದ ಕ್ಯಾರವಾನ್. ಅವನು ಕಾಲು ಚಾಚಿಕೊಂಡು, "ನಂದು ಹದಿನಾಲ್ಕಪ್ಪ. ಅದೂ ಎದುರುಗಾಳೀಲಿ" ಎಂದ. ಎಲ್ಲರೂ ತಲೆದೂಗಿದರು. ನನ್ನ ಗಂಡ ಬಿಯರ್ ಡಬ್ಬಿಯನ್ನು ಮಂಡಿಯ ಮೇಲಿಟ್ಟು, ಏನೂ ದೊಡ್ಡ ವಿಷಯವಲ್ಲ ಎಂಬಂತೆ ದೂರಕ್ಕೆ ನೋಡುತ್ತಾ, "ಹದಿಮೂರು. ಒಂದೊಂದ್ಸಲ ಹನ್ನೆರಡೂವರೆ" ಎಂದ. ಅವತ್ತು ನಮ್ಮದು ಕುಡಿದದ್ದು ಇಪ್ಪತ್ತೊಂದು. ಪಕ್ಕದ ಸೀಟಿನಲ್ಲಿ ಕೂತವಳು ನಾನು, ಗುಂಡಿ ಒತ್ತಿದಾಗ ಅದನ್ನೂ ತೋರಿಸಿದವರು ತಾವು. ನನ್ನ ಕೈಯಲ್ಲಿದ್ದ ಕೂಸಿನ ಟೋಪಿಯಲ್ಲಿ ಒಂದು ಹೆಣಿಗೆ ತಪ್ಪಿತು. ಈಗಲೂ ಆ ಟೋಪಿಯಲ್ಲಿ ಕಿವಿಯ ಹತ್ತಿರ ಆ ತೂತು ಇದೆ.

ಮರುದಿನ ಗುರುವಾರ. ಬೆಳಿಗ್ಗೆ ಟ್ಯಾಂಕ್ ತುಂಬಿಸಿ ಹೊರಟೆವು, ಗಾಳಿ ಬೆನ್ನಿಗಿತ್ತು, ತಾವು ಬಹಳ ಉಲ್ಲಾಸದಲ್ಲಿದ್ದಿರಿ. ಮಧ್ಯಾಹ್ನಕ್ಕೆ ದಾರಿಯಲ್ಲಿ ಒಂದು ಬಂಕ್ ಬಂತು. ಅದು ದಾಟಿದರೆ ಎದುರಿಗಿರುವುದು ಒಂದೇ ಒಂದು ತಿರುವೂ ಇಲ್ಲದ, ಸ್ಕೇಲ್ ಇಟ್ಟು ಗೀಟು ಎಳೆದಂಥ ದಾರಿ, ಅದರಾಚೆಗೇ ಮುಂದಿನ ಬಂಕ್. ನಾನು ಚೀಲ ಎತ್ತಿಕೊಂಡು ಕಾಲಿಗೆ ಚಪ್ಪಲಿ ಹಾಕಿ ಇಳಿಯಲು ಸಿದ್ಧಳಾದೆ. ಗಾಡಿಯ ವೇಗ ಕಡಿಮೆಯಾಗಲಿಲ್ಲ. ನೋಡಿದರೆ, ಬಂಕಿನಲ್ಲಿ ಪೈಪು ಹಿಡಿದುಕೊಂಡು ಬರ್ನಿ ಕ್ವಿಲ್ ನಿಂತಿದ್ದಾನೆ. ಕ್ಲಾರಿ ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತಿ ಅವನಿಗೆ ಸಲಾಮು ಹೊಡೆದು ಮುಂದಕ್ಕೆ ಹೋದ.

ನಿಲ್ಲಿಸುವುದಿಲ್ಲವೇ ಎಂದು ಕೇಳಿದೆ. ತಮ್ಮ ಕಡೆ ಬೆರಳು ತೋರಿಸಿ, ಇನ್ನೂ ಇನ್ನೂರ ಮೂವತ್ತು ಇದೆ, ಮುಂದಿನ ಬಂಕಿಗೆ ಬರೀ ನೂರ ಎಂಬತ್ತು ಎಂದ. ಡೀಸೆಲ್ ಬೇಡದಿದ್ದರೆ ಬಿಡು, ನನಗೆ ಬಚ್ಚಲಿಗೆ ಹೋಗಬೇಕು ಎಂದೆ.

"ಅವನು ನೋಡ್ತಾ ಇದಾನೆ ಕಣೇ" ಎಂದ ಕ್ಲಾರಿ. "ಹದಿಮೂರು ಲೀಟರ್ ಗಾಡಿ ಬೆಳಿಗ್ಗೆ ತುಂಬಿಸ್ಕೊಂಡು ಮಧ್ಯಾಹ್ನ ಮತ್ತೆ ಬಂಕಲ್ಲಿ ನಿಂತ್ರೆ ಏನಂದ್ಕೊಳ್ತಾನೆ?"

ಹೀಗೆ, ಮಾನ್ಯರೇ, ಸಂಜೆ ಹೇಳಿದ ಒಂದು ಸುಳ್ಳನ್ನು ಮಧ್ಯಾಹ್ನದವರೆಗೂ ಕಾಪಾಡುವುದಕ್ಕೋಸ್ಕರ ನನ್ನ ಗಂಡ ಬಂಕನ್ನು ಹಿಂದೆ ಬಿಟ್ಟ. ನಾನು ಬಚ್ಚಲನ್ನು ಹಿಂದೆ ಬಿಟ್ಟೆ. ತಾವು 'ಇನ್ನೂರ ಮೂವತ್ತು' ಎಂದು ಪ್ರಮಾಣ ಮಾಡುತ್ತಾ ಹೊಳೆಯುತ್ತಿದ್ದಿರಿ.

ಆ ನೇರ ದಾರಿಗೆ ಬಿದ್ದು ಇನ್ನೂ ಹಾಡೊಂದು ಮುಗಿದಿರಲಿಲ್ಲ, ಗಾಳಿ ತಿರುಗಿತು. ಪಶ್ಚಿಮದಿಂದ, ನೇರ ಮುಖಕ್ಕೆ. ಕಣಜದ ಬಾಗಿಲನ್ನು ಹೊತ್ತುಕೊಂಡು ಬಿರುಗಾಳಿಗೆ ಎದುರು ಓಡಿದವರಿಗೆ ಮಾತ್ರ ನಮ್ಮ ಇಂಜಿನ್ನಿನ ಸಂಕಟ ಅರ್ಥವಾದೀತು. ನಾವು ಹತ್ತು ಕಿಲೋಮೀಟರ್ ಹೋದರೆ ತಾವು ಇಪ್ಪತ್ತು ಇಳಿದಿರಿ. ಇನ್ನೊಂದು ಹತ್ತು ಹೋದರೆ ಇನ್ನೊಂದು ಇಪ್ಪತ್ತೈದು ಇಳಿದಿರಿ. ದಾರಿ ಮುಂದಕ್ಕೆ ಹೋಗುತ್ತಿತ್ತು, ಬಂಕ್ ಹಿಂದಕ್ಕೆ ಹೋಗುತ್ತಿತ್ತು. ಕ್ಲಾರಿ ಏಸಿ ಆರಿಸಿದ, ರೇಡಿಯೋ ಆರಿಸಿದ, ಸೀಟಿನಿಂದ ಮುಂದಕ್ಕೆ ಬಾಗಿ ಕುದುರೆ ಸವಾರನ ಹಾಗೆ ಕೂತ. ನಾನೂ ಬಾಗಲಿ ಎಂಬಂತೆ ನನ್ನ ಕಡೆ ನೋಡಿದ. ನಾನು ಬಾಗಿದ್ದರೆ ಅಲ್ಲೇ ಅನಾಹುತವಾಗುತ್ತಿತ್ತು, ಕಾರಣ ತಮಗೆ ಮೇಲೆ ತಿಳಿಸಿದ್ದೇನೆ.

ನಿಧಾನವಾಗಿ ಹೋಗು, ಗಾಳಿಯನ್ನು ಅಷ್ಟು ಜೋರಾಗಿ ಗುದ್ದಬೇಡ ಎಂದು ಹೇಳಿದೆ. ಅದಕ್ಕೆ ಅವನು ಕೊಟ್ಟ ಉತ್ತರವನ್ನು ಕೆತ್ತಿಸಿ ಚೌಕದಲ್ಲಿ ನಿಲ್ಲಿಸಬೇಕು: "ನಿಧಾನ ಹೋದ್ರೆ ಗಾಳಿಗೆ ಜಾಸ್ತಿ ಹೊತ್ತು ಸಿಕ್ಕಾಕ್ಕೊಳ್ತೀವಿ. ಬೇಗ ಹೋದ್ರೆ ಗಾಳಿ ಬೇಗ ಮುಗಿಯುತ್ತೆ."

ಕೊನೆಗೆ ನನ್ನ ಕಷ್ಟ ನೋಡಲಾರದೆ ಒಂದು ಕಡೆ ನಿಲ್ಲಿಸಿದ. ನಾನು ಉಪ್ಪುಗಿಡದ ಪೊದೆಯ ಮರೆಗೆ ಹೋಗಿ ಬರುವಷ್ಟರಲ್ಲಿ ಅವನು ಕ್ಯಾರವಾನಿನ ತೊಟ್ಟಿಯ ನೀರನ್ನೆಲ್ಲ ಮರಳಿಗೆ ಬಿಟ್ಟಿದ್ದ. ಆಮೇಲೆ ಬಾಗಿಲು ತೆಗೆದು ಒಳಗೆ ನಿಂತು ಇನ್ನೇನು ಇಳಿಸಬಹುದು ಎಂದು ಯೋಚಿಸತೊಡಗಿದ. ನನ್ನ ಕಬ್ಬಿಣದ ಬಾಣಲೆಯನ್ನು ನೋಡಿದ. ನಾನು ಅವನ ಬಿಯರ್ ಪೆಟ್ಟಿಗೆಯನ್ನು ನೋಡಿದೆ. ಬಾಣಲೆ ಉಳಿಯಿತು. ನನ್ನ ಉಪ್ಪಿನಲ್ಲಿ ಹಾಕಿದ ಸೌತೆಕಾಯಿಯ ಜಾಡಿ, ಹೊಲಿಗೆ ಯಂತ್ರ, ಅವನ ಸುತ್ತಿಗೆ ಸ್ಪ್ಯಾನರ್, ಎಲ್ಲದರ ಮೇಲೂ ಕೈ ಆಡಿಸಿದ. ಎಲ್ಲಕ್ಕಿಂತ ಭಾರವಾದದ್ದು ಆ ತೊಟ್ಟಿಲು, ಅದು ಇಬ್ಬರಿಗೂ ಗೊತ್ತಿತ್ತು. ಅದನ್ನು ಮಾತ್ರ ಅವನು ಮುಟ್ಟಲಿಲ್ಲ. ಅದರ ಮೇಲೆ ಹೊದಿಸಿದ್ದ ಕಂಬಳಿ ಜಾರಿತ್ತು, ಸರಿಮಾಡಿ ಹೊರಗೆ ಬಂದ.

ಹೊರಗೆ ಬರುವಷ್ಟರಲ್ಲಿ ನಾನು ಸ್ಟಿಯರಿಂಗಿನ ಹಿಂದೆ ಕೂತಿದ್ದೆ.

ಟ್ರ್ಯಾಕ್ಟರಿನ ವೇಗದಲ್ಲಿ ಹೊರಟೆ. ಹಿಂದಿನಿಂದ ಬಂದ ಭಾರಿ ಲಾರಿಗಳು ನಮ್ಮನ್ನು ದಾಟುವಾಗ ಹಾರ್ನಿನಲ್ಲಿ ನನ್ನ ವಂಶಾವಳಿಯನ್ನೇ ಹೇಳಿಕೊಂಡು ಹೋದವು. ಆದರೆ ತಾವು ಇಳಿಯುವುದು ನಿಂತಿತು. ಆಮೇಲೆ ಒಂದು ಚಮತ್ಕಾರ ನಡೆಯಿತು, ತಾವು ಎರಡು ಕಿಲೋಮೀಟರ್ ಮೇಲಕ್ಕೆ ಏರಿದಿರಿ. ಕ್ಲಾರಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಹೋದಷ್ಟೂ ದೂರ ಹೆಚ್ಚಾಗುತ್ತಿರುವುದನ್ನು ಅವನು ಜೀವಮಾನದಲ್ಲಿ ನೋಡಿರಲಿಲ್ಲ. ತಾನು ಒರೆಸಿ ಸಾಕಿದ ಅಂಕಿ ನನ್ನ ಕಾಲಿನ ಮಾತು ಕೇಳುತ್ತಿರುವುದನ್ನು ನೋಡಿ ಅವನಿಗಾದ ನೋವನ್ನು ಬರೆಯಲು ನನ್ನಿಂದ ಸಾಧ್ಯವಿಲ್ಲ. ಬರೆಯಲು ಸಾಧ್ಯವಿದ್ದರೆ ದಿನಕ್ಕೊಂದು ಸಲ ಓದಿಕೊಂಡು ನಗುತ್ತಿದ್ದೆ.

ನಮ್ಮ ಸಂಭ್ರಮ ತಮಗೆ ಸಹಿಸಲಾಗಲಿಲ್ಲವೋ, ಗಾಳಿ ಇನ್ನೂ ಜೋರಾಯಿತೋ, ತಾವು ಮತ್ತೆ ಇಳಿದಿರಿ. ಎಪ್ಪತ್ತು ಎಂದಿರಿ, ಅರವತ್ತು ಎಂದಿರಿ, ಆಮೇಲೆ ಅಂಕಿಯನ್ನೇ ಬಿಟ್ಟು ಮೂರು ಅಡ್ಡಗೀಟು ತೋರಿಸಿದಿರಿ. ಸುಳ್ಳು ಹೇಳುವಷ್ಟು ದಿನ ನಿರರ್ಗಳವಾಗಿ ಹೇಳಿ, ನಿಜ ಹೇಳಬೇಕಾದ ಗಳಿಗೆಯಲ್ಲಿ ಮೌನವ್ರತ ಹಿಡಿಯುವ ಈ ಶಿಸ್ತನ್ನು ನಾನು ಮನುಷ್ಯರಲ್ಲಿ ಬೇಕಾದಷ್ಟು ನೋಡಿದ್ದೇನೆ, ಯಂತ್ರದಲ್ಲಿ ಇದೇ ಮೊದಲು. ಕ್ಲಾರಿ ಆ ಮೂರು ಗೀಟನ್ನೇ ನೋಡುತ್ತಾ, ಈಗ ನಿಂತುಹೋದರೆ ನಾಳೆ ಸಂಜೆಗೆ ಎಸ್ಪರೆನ್ಸ್ ಮುಟ್ಟುವುದಿಲ್ಲ ಎಂದ. ಗಾಡಿಯೊಳಗೆ ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದು ನಾನು ಕೇಳಿರಲಿಲ್ಲ.

ಅಷ್ಟರಲ್ಲಿ ಕನ್ನಡಿಯಲ್ಲಿ ಬರ್ನಿ ಕ್ವಿಲ್‌ನ ಗಾಡಿ ಕಾಣಿಸಿತು. ತುಂಬಿದ ಟ್ಯಾಂಕಿನ ಠೀವಿಯಿಂದ ಹತ್ತಿರ ಬಂದು, ನಮ್ಮ ಹಿಂದೆಯೇ ನಿಧಾನಿಸಿ, ನಾವೆಲ್ಲ ದಾರಿಯಲ್ಲಿ ಮಾತಾಡಲು ಇಟ್ಟುಕೊಂಡಿರುವ ವೈರ್‌ಲೆಸ್ಸಿನಲ್ಲಿ ಕೇಳಿದ. ಆ ವೈರ್‌ಲೆಸ್ಸಿನ ಗುಣ ಏನೆಂದರೆ, ಒಬ್ಬ ಆಡಿದ ಮಾತು ಆ ದಾರಿಯ ಮೇಲಿರುವ ಎಲ್ಲ ಲಾರಿ, ಎಲ್ಲ ಕ್ಯಾರವಾನಿಗೂ ಕೇಳುತ್ತದೆ.

"ಏನ್ ಕ್ಲಾರಿ, ಮೆರವಣಿಗೆ ಹೊರಟಿದೀರಾ? ಗಾಡಿ ಚೆನ್ನಾಗಿದ್ಯಾ?"

ಕ್ಲಾರಿ ಮೈಕ್ ಎತ್ತಿಕೊಂಡು, "ಏನಿಲ್ಲ ಮಾರಾಯ. ಎಲ್ವಿಗೆ ಸುತ್ತಮುತ್ತ ನೋಡ್ಬೇಕಂತೆ" ಎಂದ.

ಸುತ್ತಮುತ್ತ ಇದ್ದದ್ದು ಕುರುಚಲು. ಹಿಂದೆಯೂ ಕುರುಚಲು, ಮುಂದೆಯೂ ಕುರುಚಲು. ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಅವನಿಂದ ಮೈಕ್ ಕಿತ್ತುಕೊಂಡೆ.

"ಬರ್ನಿ, ನಾನು ಎಲ್ವಿ. ಈ ಗಾಡಿ ಕುಡಿಯೋದು ಹದಿಮೂರಲ್ಲಪ್ಪ, ಈ ಗಾಳೀಲಿ ಇಪ್ಪತ್ತಾರು. ಟ್ಯಾಂಕ್ ಖಾಲಿ. ಹಿಂದೆ ಇರೋದು ನಮ್ಮ ಮೊಮ್ಮಗಳ ಮನೆ, ನಾಳೆ ಸಂಜೆ ಅದು ಅಲ್ಲಿರ್ಲಿಲ್ಲ ಅಂದ್ರೆ ಎಂಟು ತಿಂಗಳ ಬಸುರಿ ಬೀದೀಲಿರ್ತಾಳೆ."

ಕ್ಲಾರಿ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು, ಟೋಪಿಯೊಳಗೇ ಸಮಾಧಿಯಾಗುವವನ ಹಾಗೆ ಕೂತ. ಅಷ್ಟರಲ್ಲಿ ವೈರ್‌ಲೆಸ್ಸಿನಲ್ಲಿ ಎಲ್ಲೋ ಮುಂದಿನಿಂದ ಒಂದು ಗೊರಗೊರ ದನಿ ಬಂತು: "ನಮ್ದು ಇಪ್ಪತ್ತೆರಡಮ್ಮ." ಯಾರೆಂದು ಗೊತ್ತಿಲ್ಲ. ಆಮೇಲೆ ಇನ್ನೊಂದು, "ಇಪ್ಪತ್ನಾಲ್ಕು ನಮ್ದು. ಗಾಳಿ ಇದ್ರೆ ಕೇಳ್ಲೇಬೇಡಿ." ಆಮೇಲೆ ಒಬ್ಬ ಹೆಂಗಸು ಗಂಡನ ಕೈಯಿಂದ ಮೈಕ್ ಕಿತ್ತುಕೊಂಡ ಸದ್ದಿನೊಂದಿಗೆ, "ಇವರು ಹದಿನೈದು ಅಂತ ಹೇಳ್ಕೊಂಡು ತಿರುಗ್ತಾರೆ, ಇಪ್ಪತ್ತೆಂಟು, ನಾನೇ ನೋಡಿದೀನಿ" ಎಂದಳು. ಅಲ್ಲಿಂದ ಶುರುವಾಯಿತು ನೋಡಿ. ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳುವಾಗಲೂ ನಮ್ಮ ಊರಿನಲ್ಲಿ ಇಷ್ಟು ಪ್ರಾಮಾಣಿಕತೆ ಕಂಡದ್ದಿಲ್ಲ. ಮುಂದಿನವರು, ಹಿಂದಿನವರು, ಎದುರಿಗೆ ಬರುತ್ತಿದ್ದವರು, ಹಿಂದಿನ ಸಂಜೆ ಕುರ್ಚಿಯಲ್ಲಿ ಕೂತು ಹದಿನಾರು ಹದಿನೇಳು ಎಂದವರೆಲ್ಲ ಸಾಲುಸಾಲಾಗಿ ಇಪ್ಪತ್ತಮೂರು, ಇಪ್ಪತ್ತೈದು ಎಂದು ಎದೆ ಹಗುರ ಮಾಡಿಕೊಂಡರು. ಒಬ್ಬ ಲಾರಿಯವನು, ತನ್ನದು ಅರವತ್ತು, ಆದರೆ ತನ್ನನ್ನು ಯಾರೂ ಕೇಳುವುದೇ ಇಲ್ಲ ಎಂದು ದುಃಖಪಟ್ಟ. ನಗು ತಡೆಯಲಾರದೆ ನನಗೆ ದಾರಿಯೇ ಕಾಣಲಿಲ್ಲ. ಪುಣ್ಯಕ್ಕೆ ಆ ದಾರಿಯಲ್ಲಿ ತಿರುವುಗಳಿರಲಿಲ್ಲ.

ಎಲ್ಲರದೂ ಆದ ಮೇಲೆ ಬರ್ನಿ ಕ್ವಿಲ್ ಗಂಟಲು ಸರಿಮಾಡಿಕೊಂಡ. "ನಂದು ಇಪ್ಪತ್ತೇಳು" ಎಂದ. "ಅದಕ್ಕೇ ಸಿಕ್ಕಿದ ಬಂಕಲ್ಲೆಲ್ಲ ನಿಲ್ಸೋದು. ಪಕ್ಕಕ್ಕೆ ಹಾಕು ಎಲ್ವಿ, ಹಿಂದೆ ಎರಡು ಕ್ಯಾನ್ ಇಟ್ಟಿದೀನಿ."

ಅವನು ಡೀಸೆಲ್ ಸುರಿಯುವಾಗ ಕ್ಲಾರಿ ಪಕ್ಕದಲ್ಲಿ ಆಲಿಕೆ ಹಿಡಿದು ನಿಂತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಆಲಿಕೆಯನ್ನೇ ನೋಡಿದರು. ಎರಡನೆಯ ಕ್ಯಾನ್ ಮುಗಿಯುವಾಗ ಕ್ಲಾರಿ, ಬೆನ್ನಿಗೆ ಗಾಳಿ ಇದ್ದರೆ ತನ್ನದು ಇಪ್ಪತ್ತಕ್ಕೂ ಬರುತ್ತದೆ ಎಂದ. ಬರ್ನಿ, ತನ್ನದು ಹತ್ತೊಂಬತ್ತು ಎಂದ. ನಾನು ಬಾಗಿಲನ್ನು ಸ್ವಲ್ಪ ಜೋರಾಗಿ ಹಾಕಿದೆ.

ಶುಕ್ರವಾರ ಬಿಸಿಲು ಇನ್ನೂ ಇರುವಾಗಲೇ ಎಸ್ಪರೆನ್ಸ್ ಮುಟ್ಟಿದೆವು. ಟೀಗನ್ ಬೀಗದ ಕೈ ಕೊಟ್ಟು ಬಂದು, ಮನೆಯೆದುರಿನ ಕಾಲುದಾರಿಯ ಮೇಲೆ ರಟ್ಟಿನ ಪೆಟ್ಟಿಗೆಗಳ ನಡುವೆ ಒಂದು ಪೆಟ್ಟಿಗೆಯ ಮೇಲೆ ಕೂತಿದ್ದಳು, ಮಡಿಲಲ್ಲಿ ಅಡುಗೆಮನೆಯ ಗಡಿಯಾರ. ನಮ್ಮ ಗಾಡಿ ತಿರುವಿನಲ್ಲಿ ಕಂಡದ್ದೇ ಏಳಲು ನೋಡಿದಳು, ಒಂದೇ ಸಲಕ್ಕೆ ಆಗಲಿಲ್ಲ. ಕ್ಯಾರವಾನಿನ ಒಳಗೆ ಹೋಗಿ, ಒಲೆ ಮುಟ್ಟಿ, ಹಾಸಿಗೆ ಒತ್ತಿ, ಕಂಬಳಿ ಸರಿಸಿ ತೊಟ್ಟಿಲು ನೋಡಿ ಹೊರಗೆ ಬಂದವಳ ಕಣ್ಣು ಒದ್ದೆಯಾಗಿತ್ತು. ಅದನ್ನು ಮುಚ್ಚಲು ಅಜ್ಜನನ್ನು ಕಿಚಾಯಿಸುತ್ತಾ, ಈ ಆನೆಯನ್ನು ಎಳೆದು ತರಲು ಗಾಡಿ ಎಷ್ಟು ಕುಡಿಯಿತು ಎಂದು ಕೇಳಿದಳು.

ಆಗ, ಮಾನ್ಯರೇ, ಕ್ಲಾರಿ ಒಂದು ಸಲ ತಮ್ಮ ಕಡೆ ನೋಡಿದ, ಒಂದು ಸಲ ನನ್ನ ಕಡೆ ನೋಡಿದ. ಆಮೇಲೆ, "ಇಪ್ಪತ್ತಾರು" ಎಂದ.

"ಅಷ್ಟೊಂದಾ ಅಜ್ಜಾ?"

"ನಿನ್ನ ಮನೆ ಕಣೇ ಅದು. ಗಾಳಿಗೆ ಹಾರಿಹೋಗದಷ್ಟು ತೂಕ ಇರ್ಲಿ."

ತಮ್ಮ ಸೇವೆಯ ವಿವರ ಇಷ್ಟು. ಇನ್ನು ನನ್ನ ಬಿನ್ನಹಗಳು. ತಮ್ಮಂಥ ಪ್ರತಿಭೆ ಒಂದು ಗಾಡಿಯ ಗಾಜಿನ ಹಿಂದೆ ಕೊಳೆಯುವುದು ನನಗೆ ಸರಿಕಾಣುವುದಿಲ್ಲ. ಆದ್ದರಿಂದ ತಾವು ದಯಮಾಡಿ ಭಾನುವಾರ ನಮ್ಮ ಚರ್ಚಿಗೆ ಬಂದು, ಪಾದ್ರಿಗಳ ಉಪದೇಶ ಮುಗಿಯಲು ಇನ್ನೆಷ್ಟು ದೂರ ಎಂದು ಅವರ ತಲೆಯ ಮೇಲೆ ಹಸಿರಾಗಿ ತೋರಿಸಬೇಕು. ನನ್ನ ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ಮೇಲೆ ಒಂದಿಷ್ಟು ಕಾಲ ಬಂದು ಕೂರಬೇಕು. ಅದು ಯಾವಾಗಲೂ ಕೇಕ್ ಅರ್ಧ ಬೆಂದಾಗಲೇ ಮುಗಿಯುತ್ತದೆ, ತಾವಿದ್ದರೆ ಕನಿಷ್ಠ ಅದಕ್ಕೆ ಮುಂಚೆ ಮೂರು ಗೀಟಾದರೂ ಕಾಣುತ್ತದೆ. ನನ್ನ ನಾದಿನಿ ನಮ್ಮ ಮನೆಗೆ ಬಂದಾಗ ಬಾಗಿಲ ಮೇಲೆ ನಿಂತು, ಅವಳು ಹೊರಡಲು ಇನ್ನೆಷ್ಟು ಹೊತ್ತು ಎಂದು ತಿಳಿಸಬೇಕು, ಅಲ್ಲಿ ಮಾತ್ರ ತಮ್ಮ ಹಳೆಯ ಅಭ್ಯಾಸದಂತೆ ಅಂಕಿ ಬೇಗಬೇಗ ಇಳಿಯಬೇಕು. ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಸಂಜೆ ಕುರ್ಚಿ ಹೊತ್ತಿನಲ್ಲಿ ನನ್ನ ಗಂಡನ ಹಣೆಯ ಮೇಲೆ ನೆಲೆಸಿ, ಅವನ ಹೊಟ್ಟೆಯಲ್ಲಿ ಇನ್ನೆಷ್ಟು ನಿಜ ಉಳಿದಿದೆ ಎಂಬುದನ್ನು ಸುತ್ತಲಿನವರಿಗೆ ತೋರಿಸಬೇಕು. ನನ್ನ ತಾಳ್ಮೆಯನ್ನು ಅಳೆಯುವ ಕೆಲಸಕ್ಕೆ ಮಾತ್ರ ತಾವು ಬರುವುದು ಬೇಡ. ಅದು ಆ ನೇರ ದಾರಿಯಲ್ಲೇ ಖಾಲಿಯಾಗಿದೆ, ನಾವು ಓಡಿಸುತ್ತಿರುವುದು ಬರ್ನಿಯ ಕ್ಯಾನಿನ ಮೇಲೆ.

ನನ್ನ ಮಾತಿನಲ್ಲಿ ಹೆಚ್ಚುಕಡಿಮೆ ಇದ್ದರೆ ಕ್ಷಮಿಸಬೇಕು. ತಮ್ಮ ಮಾತಿನಲ್ಲಿ ಇದ್ದ ಹೆಚ್ಚುಕಡಿಮೆಯನ್ನು ನಾನೂ ಕ್ಷಮಿಸಿದ್ದೇನೆ, ಯಾಕೆಂದರೆ ತಾವು ಸುಳ್ಳು ಹೇಳಿದ್ದು ಮನೆ ತಲುಪುವ ಆಸೆ ಹುಟ್ಟಿಸಲಿಕ್ಕೆ, ಕುರ್ಚಿಯಲ್ಲಿ ಕೂತವರ ಹಾಗೆ ಎದೆ ಉಬ್ಬಿಸಿಕೊಳ್ಳಲಿಕ್ಕಲ್ಲ.

ಇತಿ, ಗಾಳಿ ಬೆನ್ನಿಗಿರುವವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಎಲ್ವಿ ನಿಚ್ಕೆ

ಮರೆತ ಮಾತು: ವಾಪಸು ಬರುವಾಗ ಹಿಂದೆ ಕ್ಯಾರವಾನ್ ಇರಲಿಲ್ಲ. ತುಂಬಿದ ಟ್ಯಾಂಕಿಗೆ ತಾವು ಬೆದರಿದವರ ಹಾಗೆ 'ಮುನ್ನೂರು' ಎಂದು ಶುರುಮಾಡಿ, ಹೋದಂತೆಲ್ಲ ಮೇಲೇರುತ್ತಾ ಹೋದಿರಿ. ಕ್ಲಾರಿ ಕ್ಯಾರವಾನಿಗೆಂದು ಹಾಕಿಸಿದ್ದ ಉದ್ದನೆಯ ಕನ್ನಡಿಗಳನ್ನು ತೆಗೆಯಲೇ ಇಲ್ಲ, ಆಗಾಗ ಅದರಲ್ಲಿ ಹಿಂದೆ ನೋಡುತ್ತಿದ್ದ, ಅಲ್ಲಿ ಏನೂ ಇರಲಿಲ್ಲ. ಒಂದು ಸಂಜೆ ತಂಗುದಾಣದಲ್ಲಿ ಹೊಸಬರ ಕುರ್ಚಿಗಳ ನಡುವೆ ಅವನನ್ನೂ ಕರೆದು ಕೂರಿಸಿಕೊಂಡು, ಎಷ್ಟು ಕುಡಿಯುತ್ತದೆ ಎಂದು ಕೇಳಿದರು. ಅವನು ಈ ಸಲ ದೇವರಾಣೆಗೂ ನಿಜ ಹೇಳಿದ: ಒಂಬತ್ತೂವರೆ. ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವನಂಥ ಸುಳ್ಳನನ್ನು ಈ ದಾರಿಯಲ್ಲಿ ನೋಡೇ ಇಲ್ಲ ಎಂದರು. ಅವನು ಸಾಕ್ಷಿಗೆಂದು ನನ್ನ ಕಡೆ ನೋಡಿದ. ನಾನು ಕೂಸಿನ ಎರಡನೆಯ ಟೋಪಿ ಹೆಣೆಯುತ್ತಿದ್ದೆ, ತಲೆ ಎತ್ತಲಿಲ್ಲ.